ನೆರೆಯ ಕೋಣೆಯ ಮಾತಿಗೆ ದೂರದ ದಾರಿಯೇಕೆ?

ಶಾಲೆಯ ಸ್ಮರಣಸಂಚಿಕೆಗಳಲ್ಲಿ ಕಟ್ಟಡಗಳ ವಿಷಯವಾಗಿಯೂ ಪರೀಕ್ಷೆಯ ಫಲಗಳ ವಿಷಯವಾಗಿಯೂ ಬರೆಯುವದು ವಾಡಿಕೆ. ಅವನ್ನು ನಮಗಿಂತ ಚೆನ್ನಾಗಿ ಬರೆಯತಕ್ಕವರು ಇದ್ದಾರೆ. ಹಳೆಯ ವಿದ್ಯಾರ್ಥಿನಿಯರ ಮುಂದೆಯೂ, ಈಗ ಕಲಿಯುತ್ತಿರುವ ಹುಡುಗಿಯರ ತಾಯಿತಂದೆಗಳ ಮುಂದೆಯೂ ನಾವು ಇಡಬೇಕೆಂದಿರುವ ವಿಷಯವು ಮೊದಲ ನೋಟಕ್ಕೆ ಬಹು ಚಿಕ್ಕದಾಗಿ ತೋರಬಹುದು. ಒಂದೇ ಆವರಣದೊಳಗೆ ಅಥವಾ ಒಂದೇ ಹಳ್ಳಿಯೊಳಗೆ ಇರುವ ಇಬ್ಬರು, ಕಂಪನಿಯ ಟವರನ್ನಾಗಲಿ ಇಂಟರ್‌ನೆಟ್ಟನ್ನಾಗಲಿ ಆಶ್ರಯಿಸದೆ, ತಮ್ಮ ತಮ್ಮ ಮೊಬೈಲುಗಳಿಂದ ನೇರವಾಗಿ ಮಾತಾಡಿಕೊಳ್ಳಬಹುದು. ಇದನ್ನು ನಮ್ಮ ಬೋರ್ಡಿಂಗಿನಲ್ಲಿಯೂ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೇರೆ ಶಾಲೆಗಳಲ್ಲಿಯೂ ಏರ್ಪಡಿಸಬೇಕು. ಆ ಏರ್ಪಾಡನ್ನು ನಡಿಸುವ ಕೆಲಸ ಹುಡುಗಿಯರ ಕೈಯಲ್ಲಿಯೇ ಇರಬೇಕು ಎಂಬದು ನಮ್ಮ ಅಭಿಪ್ರಾಯ.

ಈ ಸೀಮೆಯ ಹಿರಿಯರಿಗೆ ನಮ್ಮ ಮಾತಿನ ಅರ್ಥ ಬೇಗನೆ ಆಗುವದು. ಈ ನಾಲ್ಕು ತಾಲೂಕುಗಳು ೧೯೪೮ರ ವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯದೊಳಗೆ ಬಂದು, ೧೯೯೭ರ ಆಗಸ್ಟಿನಲ್ಲಿ ಕೊಪ್ಪಳವು ಬೇರೆ ಜಿಲ್ಲೆಯಾಗುವ ತನಕ ರಾಯಚೂರು ಜಿಲ್ಲೆಯಲ್ಲಿದ್ದವು. ಯಲಬುರ್ಗಾದ ಒಬ್ಬ ರೈತನಿಗೂ ಅವನ ಬದುವಿನ ಆಚೆಯ ನೆರೆಯವನಿಗೂ ಸಂಬಂಧಪಟ್ಟ ಒಂದು ಕಾಗದ ಜಿಲ್ಲೆಯ ಕಚೇರಿಗೆ ಮುಟ್ಟಬೇಕಾದರೆ ಬುತ್ತಿ ಕಟ್ಟಿಕೊಂಡು ರಾಯಚೂರಿನ ದಾರಿ ಹಿಡಿಯಬೇಕಾಗಿತ್ತು. ನೆಲ ಇಲ್ಲಿಯದು, ಜನ ಇಲ್ಲಿಯವರು, ಕಾಗದ ಮಾತ್ರ ಅಷ್ಟು ದೂರ ಹೋಗಿ ತಿರುಗಿ ಬರಬೇಕು. ಜಿಲ್ಲೆಯೇನೋ ಹತ್ತಿರ ಬಂದಿತು. ಆದರೆ ಇಂದು ಒಬ್ಬಳು ಅಡಿಗೆಮನೆಯಲ್ಲಿ ನಿಂತು ರೋಗಿಗಳ ಕೋಣೆಯಲ್ಲಿರುವ ಇನ್ನೊಬ್ಬಳ ಸಂಗಡ ಮೊಬೈಲಿನಲ್ಲಿ ಮಾತಾಡಿದರೆ ಆ ಮಾತಿಗೆ ಹಿಂದಿನ ಕಾಗದದ ಗತಿಯೇ ಒದಗುತ್ತದೆ.

ಅದು ಹೇಗೆಂದರೆ, ಸಾಧಾರಣ ಮೊಬೈಲಿನ ಕರೆಯು ಮೊದಲು ಟವರಿಗೆ ಹೋಗುತ್ತದೆ. ಟವರಿನಿಂದ ಎಲ್ಲಿಯೋ ಇರುವ ಕಂಪನಿಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಈ ನಂಬರು ಯಾರದು, ಹಣ ಕಟ್ಟಿದ್ದಾರೋ ಇಲ್ಲವೋ, ಎಲ್ಲಿದ್ದಾರೆ ಎಂಬದೆಲ್ಲಾ ವಿಚಾರಣೆಯಾದ ಮೇಲೆ ತಿರುಗಿ ಅದೇ ಟವರಿಗೆ ಬಂದು ಪಕ್ಕದ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ವಾಟ್ಸಪ್ಪಿನ ಕರೆಯಾದರೂ ಇದಕ್ಕಿಂತ ಹೆಚ್ಚು ಸ್ವತಂತ್ರವಲ್ಲ. ಇಬ್ಬರೇ ಮಾತಾಡುವಾಗ ಧ್ವನಿಯು ಅನೇಕ ವೇಳೆ ಒಂದು ಫೋನಿನಿಂದ ಇನ್ನೊಂದಕ್ಕೆ ನೇರವಾಗಿಯೇ ಹೋಗುವದುಂಟು; ಆದರೆ ಇಂಥವಳು ಕರೆಯುತ್ತಿದ್ದಾಳೆಂಬ ಮೊದಲ ಸುದ್ದಿಯು ಕಂಪನಿಯ ದೂರದ ಯಂತ್ರವನ್ನು ಮುಟ್ಟಿಯೇ ಬರಬೇಕು. ಇಂಟರ್‌ನೆಟ್ಟು ನಿಂತರೆ ಒಂದೇ ಬೆಂಚಿನ ಮೇಲೆ ಕೂತ ಇಬ್ಬರ ಫೋನುಗಳೂ ಪರಸ್ಪರ ಗುರುತಿಲ್ಲದವುಗಳಂತೆ ಸುಮ್ಮನಿರುತ್ತವೆ.

ನಾವು ಹೇಳುವ ಪದ್ಧತಿಯಲ್ಲಿ ಬೇಕಾದದ್ದು ಒಂದು ವೈಫೈ ರೌಟರು ಮಾತ್ರ. ಅದಕ್ಕೆ ಹೊರಗಿನ ತಂತಿಯ ಸಂಬಂಧ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆವರಣದಲ್ಲಿರುವ ಫೋನುಗಳು ಅದಕ್ಕೆ ಸೇರಿಕೊಂಡಾಗ ಪ್ರತಿಯೊಂದಕ್ಕೂ ಅದು ಒಂದು ಮನೆ ನಂಬರಿನಂಥ ವಿಳಾಸವನ್ನು ಕೊಡುತ್ತದೆ. ಮಾತಾಡುವವಳ ಧ್ವನಿಯನ್ನು ಫೋನು ಸೆಕೆಂಡಿಗೆ ೮,೦೦೦ ಸಾರಿ ಅಳೆದು ಅಂಕಿಗಳನ್ನಾಗಿ ಮಾಡಿ, ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ಒಂದರಂತೆ ಚಿಕ್ಕ ಚಿಕ್ಕ ಲಕೋಟೆಗಳಲ್ಲಿ ತುಂಬಿ, ಎದುರಿನ ಫೋನಿನ ವಿಳಾಸ ಬರೆದು ಕಳುಹಿಸುತ್ತದೆ. ರೌಟರು ಅಂಚೆಯವನಂತೆ ವಿಳಾಸ ನೋಡಿ ಮುಟ್ಟಿಸುತ್ತದೆ. ಎದುರಿನ ಫೋನು ಲಕೋಟೆಗಳನ್ನು ಕ್ರಮವಾಗಿ ಒಡೆದು ತಿರುಗಿ ಧ್ವನಿಯನ್ನಾಗಿ ಮಾಡುತ್ತದೆ. ಈ ಹಳೆಯ ಲೆಕ್ಕದಲ್ಲಿ ಒಂದು ದಿಕ್ಕಿನ ಮಾತಿಗೆ ಸೆಕೆಂಡಿಗೆ ೬೪ ಸಾವಿರ ಬಿಟ್ಟುಗಳು ಸಾಕು. ೨೦೧೨ರಲ್ಲಿ ಬಂದ ಓಪಸ್ ಎಂಬ ಕ್ರಮದಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಇನ್ನೂ ಇಂಪಾಗಿ ಕೇಳುತ್ತದೆ. ಅತಿ ಅಗ್ಗದ ರೌಟರಿಗೂ ಇದು ಭಾರವಲ್ಲ.

ಇದಕ್ಕೆ ಬೇಕಾದ ತಂತ್ರಾಂಶಗಳು ಹಣವಿಲ್ಲದೆ ದೊರೆಯುತ್ತವೆ. ಕೆನಡಾ ದೇಶದ ಮಾಂಟ್ರಿಯಲ್ ನಗರದವರು ನಿರ್ಮಿಸಿದ ಜಾಮಿ ಎಂಬದು ಮಧ್ಯದಲ್ಲಿ ಯಾವ ಯಂತ್ರವನ್ನೂ ಇಡದೆ, ಒಂದೇ ಜಾಲದಲ್ಲಿರುವ ಫೋನುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಫ್ರಾನ್ಸಿನವರ ಲಿನ್‌ಫೋನ್ ಎಂಬದರಲ್ಲಿ ವಿಳಾಸವನ್ನು ಒತ್ತಿಯೂ ಕರೆಯಬಹುದು. ಮನೆಯ ಎಕ್ಸ್‌ಚೇಂಜಿನಂತೆ ಎರಡಂಕಿಯ ನಂಬರುಗಳು ಬೇಕೆನ್ನುವವರಿಗೆ ೧೯೯೯ರಲ್ಲಿ ಹುಟ್ಟಿದ ಆಸ್ಟರಿಸ್ಕ್ ಇದೆ. ಅಂಗೈಯಷ್ಟು ಚಿಕ್ಕ ಕಂಪ್ಯೂಟರಿನಲ್ಲಿ ಅದು ನಡೆಯುತ್ತದೆ.

ಹೇಳುವಷ್ಟು ಸುಲಭವಾಗಿ ಇದೆಲ್ಲಾ ಕೈಗೂಡುವದೆಂದು ನಾವು ಯಾರನ್ನೂ ನಂಬಿಸುವದಿಲ್ಲ. ಅಡ್ಡಿಗಳು ಇವೆ, ಅವು ಬಹಳ ಕ್ಷುಲ್ಲಕವಾದವುಗಳು, ಆದದರಿಂದಲೇ ಜನರು ಬೇಸತ್ತು ಕೈಬಿಡುತ್ತಾರೆ. ಮೊದಲನೆಯ ಅಡ್ಡಿಯು ಫೋನಿನ ಚಂಚಲ ಸ್ವಭಾವ. ಸೇರಿಕೊಂಡ ವೈಫೈಯಲ್ಲಿ ಇಂಟರ್‌ನೆಟ್ಟು ಇಲ್ಲವೆಂದು ಕಂಡೊಡನೆ ಅದು ದೂರು ಹೇಳುತ್ತದೆ, ಕೆಲವು ಸಾರಿ ಹೇಳದೆ ಕೇಳದೆ ಟವರಿನ ಕಡೆಗೆ ಓಡಿಹೋಗುತ್ತದೆ. ಸಿಮ್ಮನ್ನು ತೆಗೆದಿಟ್ಟರೆ, ಇಲ್ಲವೆ ಡೇಟಾ ನಿಲ್ಲಿಸಿ, ಇಂಟರ್‌ನೆಟ್ಟು ಇಲ್ಲದಿದ್ದರೂ ಇದರಲ್ಲಿಯೇ ಇರು ಎಂದು ಒಮ್ಮೆ ಅಪ್ಪಣೆ ಕೊಟ್ಟರೆ ಸುಮ್ಮನಾಗುತ್ತದೆ. ಎರಡನೆಯದು ಬ್ಯಾಟರಿಯ ಉಳಿತಾಯ. ಪರದೆ ಆರಿದ ಕೆಲವು ಹೊತ್ತಿನ ಮೇಲೆ ಫೋನು ತಂತ್ರಾಂಶವನ್ನು ಮಲಗಿಸಿಬಿಡುತ್ತದೆ. ಆಗ ಕರೆದವಳಿಗೆ ಗಂಟೆ ಬಾರಿಸಿದಂತೆ ಕೇಳಬಹುದು, ಕರೆಯಲ್ಪಟ್ಟವಳಿಗೆ ಏನೂ ಕೇಳುವದಿಲ್ಲ. ಅದಕ್ಕೂ ಒಂದು ವಿನಾಯಿತಿ ಬರೆದಿಡಬೇಕು. ಮೂರನೆಯದು ರೌಟರಿನ ಶಂಕೆ: ಅತಿಥಿಗಳಿಗಾಗಿ ಇಟ್ಟ ಜಾಲಗಳಲ್ಲಿ ಒಂದು ಫೋನು ಇನ್ನೊಂದನ್ನು ನೋಡಕೂಡದೆಂಬ ಕಟ್ಟಳೆ ಇರುತ್ತದೆ. ಎಲ್ಲವೂ ಸರಿಯಾಗಿದ್ದು ಕರೆ ಮಾತ್ರ ಹೋಗದೆ ಇದ್ದರೆ ಹತ್ತರಲ್ಲಿ ಐದು ಸಾರಿ ಇದೇ ಕಾರಣವೆಂದು ನಮಗೆ ತೋರುತ್ತದೆ. ಇನ್ನು ನಮ್ಮ ಸೀಮೆಯ ಕಲ್ಲಿನ ಗೋಡೆಗಳು! ಒಂದೂವರೆ ಮೊಳ ದಪ್ಪದ ಎರಡು ಗೋಡೆಗಳಾಚೆಗೆ ವೈಫೈಯ ಅಲೆಗಳು ಬಲಹೀನವಾಗುತ್ತವೆ. ಬಯಲಲ್ಲಿ ಅದೇ ರೌಟರು ನೂರು ಹೆಜ್ಜೆಯಾಚೆಗೂ ಕೇಳುವದು. ಹಳೆಯ ಬೋರ್ಡಿಂಗುಗಳಲ್ಲಿ ಒಂದರ ಬದಲಾಗಿ ಎರಡು ಮೂರು ರೌಟರುಗಳನ್ನು ತಂತಿಯಿಂದ ಕೂಡಿಸಿ ಇಡಬೇಕಾಗುವದು. ವಿದ್ಯುತ್ತು ಹೋದಾಗ ಅವು ಆರದಂತೆ ಚಿಕ್ಕ ಬ್ಯಾಟರಿಯೂ ಬೇಕು. ಒಂದು ರೌಟರು ತಿನ್ನುವದು ಸುಮಾರು ಹತ್ತು ವಾಟಿನ ಒಳಗೆ, ಒಂದು ಎಲ್‌ಇಡಿ ದೀಪದಷ್ಟು. ಸರಕಾರದ ಪರವಾನಗಿಯ ಚಿಂತೆ ಬೇಡ, ಯಾಕಂದರೆ ಈ ೨.೪ ಗಿಗಾಹರ್ಟ್ಸ್ ಅಲೆಗಳನ್ನು ೨೦೦೫ರಲ್ಲಿಯೇ ಪರವಾನಗಿಯಿಂದ ಬಿಡುಗಡೆ ಮಾಡಿದ್ದಾರೆ.

ಹತ್ತಿರದ ಮಾತು ಹತ್ತಿರದಲ್ಲಿಯೇ ತಿರುಗಬೇಕೆಂಬ ಆಲೋಚನೆಯು ಕನ್ನಡನಾಡಿಗೆ ಹೊಸದಲ್ಲ. ೧೮೮೨ರ ಜನವರಿಯಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಟೆಲಿಫೋನು ಎಕ್ಸ್‌ಚೇಂಜುಗಳು ತೆರೆದವು. ಅಲ್ಲಿಂದ ನೂರು ವರುಷಗಳಾದರೂ ಹಳ್ಳಿಗಳಿಗೆ ಆ ಸುಖವು ಸರಿಯಾಗಿ ಮುಟ್ಟಲಿಲ್ಲ. ಪರದೇಶದ ದೊಡ್ಡ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಣದ ಕೋಣೆ ಬೇಕಿತ್ತು. ನಮ್ಮ ಬಿಸಿಲು, ಧೂಳು ಅವಕ್ಕೆ ಆಗುತ್ತಿರಲಿಲ್ಲ. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ಸರಕಾರಿ ಸಂಸ್ಥೆಯವರು, ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ, ಹವಾನಿಯಂತ್ರಣವಿಲ್ಲದೆ ಸಾಧಾರಣ ಕೋಣೆಯಲ್ಲಿ ನಡೆಯತಕ್ಕ ೧೨೮ ಕೂಡಿಕೆಗಳ ಒಂದು ಚಿಕ್ಕ ಎಕ್ಸ್‌ಚೇಂಜನ್ನು ರಚಿಸಿ, ಮೊದಲನೆಯದನ್ನು ೧೯೮೬ರ ಜುಲೈಯಲ್ಲಿ ನಿಲ್ಲಿಸಿದ್ದು ಎಲ್ಲಿ? ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಆ ಊರಿನ ಒಬ್ಬರು ಇನ್ನೊಬ್ಬರಿಗೆ ಮಾಡಿದ ಕರೆಯು ಅದೇ ಊರಿನ ಪೆಟ್ಟಿಗೆಯಲ್ಲಿ ಕೂಡಿ ಅಲ್ಲಿಯೇ ಮುಗಿಯುತ್ತಿತ್ತು. ನಮ್ಮ ದೇಶದ ಹಳ್ಳಿಗಳ ಟೆಲಿಫೋನು ಅಲ್ಲಿಂದ ಬೆಳೆಯಿತು. ಮೊಬೈಲು ಬಂದು ತಂತಿಯ ಕಷ್ಟವನ್ನು ತಪ್ಪಿಸಿತು, ಬಹಳ ಉಪಕಾರ ಮಾಡಿತು. ಆದರೆ ಊರಿನ ಪೆಟ್ಟಿಗೆಯನ್ನು ಊರಿನಿಂದ ಎತ್ತಿಕೊಂಡು ಹೋಯಿತೆಂಬದನ್ನು ಯಾರೂ ಲಕ್ಷಿಸಲಿಲ್ಲ.

ಈಚೆಗೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನಲ್ಲಿ ಜನಸ್ತು ಎಂಬ ಸಂಸ್ಥೆಯವರು ಹಳ್ಳಿಗರ ಸಂಗಡ ಸೇರಿ ಗುಡ್ಡದ ಊರುಗಳ ನಡುವೆ ವೈಫೈ ಜಾಲವನ್ನು ಹೆಣೆದಿದ್ದಾರೆ. ಒಂದು ರೌಟರಿನಿಂದ ಇನ್ನೊಂದಕ್ಕೆ ಸುದ್ದಿಯನ್ನು ದಾಟಿಸುವ ಈ ಬಗೆಯ ಜಾಲದಲ್ಲಿ, ಓದುಬರಹ ಬಾರದವರೂ ತಮ್ಮ ಕಥೆ ಹಾಡುಗಳನ್ನು ಧ್ವನಿಯಾಗಿ ತುಂಬಿ ನೆರೆಯವರಿಗೆ ಕೇಳಿಸಬಹುದಾಗಿದೆ. ಜಾಲವು ಹಳ್ಳಿಯವರ ಸ್ವತ್ತಾಗಿರಬೇಕೆಂಬ ಅವರ ಹಟವು ನಮಗೆ ಬಹಳ ಮೆಚ್ಚಿಗೆಯಾಯಿತು. ಹೊರಗಿನ ದೇಶಗಳಲ್ಲಿ ಹೀಗೆಯೇ, ೨೦೧೦ರ ಜನವರಿಯಲ್ಲಿ ಹೈಟಿ ದೇಶದ ಭೂಕಂಪದಲ್ಲಿ ಟೆಲಿಫೋನುಗಳು ಕೆಟ್ಟುಹೋದದ್ದನ್ನು ಕಂಡು ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಪಾಲ್ ಗಾರ್ಡ್ನರ್-ಸ್ಟೀಫನ್ ಅವರು ಸರ್ವಲ್ ಎಂಬ ಯೋಜನೆಯನ್ನು ಆರಂಭಿಸಿ, ಟವರಿಲ್ಲದೆ ಫೋನಿನಿಂದ ಫೋನಿಗೆ ಮಾತು ದಾಟಿಸಿ ತೋರಿಸಿದರು. ರೌಟರು ಕೂಡ ಇಲ್ಲದೆ ನಡೆಯಬೇಕೆಂಬದು ಅವರ ಆಶೆ. ಆದರೆ ಪೇಟೆಯ ಫೋನುಗಳು ಅದಕ್ಕೆ ಸುಲಭವಾಗಿ ಒಗ್ಗಲಿಲ್ಲ. ಆದದರಿಂದ ನಮ್ಮಂಥವರಿಗೆ ರೌಟರಿನ ದಾರಿಯೇ ಲೇಸು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಇದು ಹುಡುಗಿಯರ ಶಾಲೆ. ಹುಡುಗಿಯ ಕೈಯಲ್ಲಿ ಫೋನು ಇರಬೇಕೋ ಬೇಡವೋ ಎಂಬ ಚರ್ಚೆ ನಡೆಯದ ಮನೆ ಈ ನಾಲ್ಕು ತಾಲೂಕುಗಳಲ್ಲಿ ಇರಲಾರದು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಾವೇ ಬಳಸುವ ಮೊಬೈಲು ಉಳ್ಳ ಹೆಂಗಸರು ನೂರಕ್ಕೆ ೫೪ ಮಂದಿ ಮಾತ್ರ. ಉಳಿದವರು ಗಂಡನದನ್ನೋ ಅಣ್ಣನದನ್ನೋ ಕೇಳಿ ಪಡೆಯಬೇಕು, ಅವನೆದುರಿನಲ್ಲಿಯೇ ಮಾತಾಡಬೇಕು. ತಾಯಂದಿರು ಹೇಳುವ ಕಾರಣಗಳನ್ನು ನಾವು ಹಗುರಾಗಿ ಎಣಿಸುವದಿಲ್ಲ. ರೀಚಾರ್ಜಿಗೆಂದು ಅಂಗಡಿಯಲ್ಲಿ ಕೊಟ್ಟ ನಂಬರು ಸಂಜೆಯೊಳಗೆ ಯಾರ ಕೈಗೋ ಹೋಗಿ, ರಾತ್ರಿ ಹೊತ್ತು ಗುರುತಿಲ್ಲದ ಕರೆಗಳು ಬರುವದನ್ನು ಅನುಭವಿಸಿದ ಮನೆಗಳನ್ನು ನಾವು ಬಲ್ಲೆವು. ಅದರ ಶಿಕ್ಷೆ ಮಾತ್ರ ಆ ತುಂಟನಿಗೆ ಆಗುವದಿಲ್ಲ. ಹುಡುಗಿಯ ಫೋನು ಹೋಗುತ್ತದೆ, ಕೆಲವು ಮನೆಗಳಲ್ಲಿ ಅವಳ ಓದೂ ಹೋಗುತ್ತದೆ.

ಆವರಣದೊಳಗಿನ ಈ ಫೋನಿಗೆ ಸಿಮ್ಮಿಲ್ಲ, ಹತ್ತಂಕಿಯ ನಂಬರಿಲ್ಲ, ಅಂಗಡಿಯಲ್ಲಿ ಹೇಳತಕ್ಕದ್ದು ಏನೂ ಇಲ್ಲ. ಹೊರಗಿನವನು ಎಷ್ಟು ಪ್ರಯತ್ನಪಟ್ಟರೂ ಅದನ್ನು ಕರೆಯಲಾರನು, ಯಾಕಂದರೆ ಗೋಡೆಯಾಚೆಗೆ ಅದು ಇಲ್ಲವೇ ಇಲ್ಲ. ಇಂಟರ್‌ನೆಟ್ಟಿಗೆ ಸೇರಿಸದ ರೌಟರಿನಲ್ಲಿ ಸಿನೆಮಾ ಇಲ್ಲ, ಅಪರಿಚಿತರ ಹರಟೆಯೂ ಇಲ್ಲ. ಆದರೆ ನಡುರಾತ್ರಿಯಲ್ಲಿ ಜ್ವರ ಏರಿದ ಹುಡುಗಿಯು ಹಾಸಿಗೆಯಿಂದ ಏಳದೆ ಮೇಟ್ರನ್ ಅಕ್ಕನವರನ್ನು ಕರೆಯಬಹುದು. ಕತ್ತಲೆಯಲ್ಲಿ ಬಾವಿಯ ಬದಿಯ ಬಚ್ಚಲಿಗೆ ಹೋಗಲು ಅಂಜುವ ಚಿಕ್ಕವಳು ದೊಡ್ಡ ಹುಡುಗಿಯರ ಕೋಣೆಯಿಂದ ಒಬ್ಬಳನ್ನು ಎಬ್ಬಿಸಬಹುದು. ನಾವು ಕಂಡ ಒಂದು ವಸತಿಗೃಹದಲ್ಲಿ (ಹೆಸರು ಹೇಳುವ ಅವಶ್ಯವಿಲ್ಲ) ರೋಗಿಗಳ ಕೋಣೆಗೂ ಮೇಟ್ರನ್ ಇರುವ ಕೋಣೆಗೂ ನಡುವೆ ಒಂದು ಅಂಗಳ, ಎರಡು ಬಾಗಿಲು, ರಾತ್ರಿ ಎರಡಕ್ಕೂ ಒಳಗಿನಿಂದ ಅಗಳಿ, ಕೂಗಿದರೆ ಕೇಳುವಂತಿರಲಿಲ್ಲ. ಅಲ್ಲಿ ಮಲಗಿದ ಮಕ್ಕಳು ಕಿಟಕಿಯ ಸರಳಿಗೆ ಲೋಟ ಬಡಿದು ಸುದ್ದಿ ಕೊಡುತ್ತಿದ್ದರು.

ಕೆಲವರು ಕೇಳುವರು: ಇದಕ್ಕೆ ತಂತಿಯ ಇಂಟರ್‌ಕಾಮು ಸಾಲದೇ? ಇದ್ದವರಿಗೆ ಸಾಕು, ಅದನ್ನು ಕಿತ್ತುಹಾಕಿರೆಂದು ನಾವು ಹೇಳುವದಿಲ್ಲ. ಇಲ್ಲದವರಿಗೆ ಗೋಡೆ ಕೊರೆದು ತಂತಿ ಎಳೆಯುವ ಖರ್ಚಿಗಿಂತ ಒಂದೆರಡು ಸಾವಿರ ರೂಪಾಯಿನ ರೌಟರು, ಮನೆಮನೆಯ ಪೆಟ್ಟಿಗೆಗಳಲ್ಲಿ ಬಿದ್ದಿರುವ ಹಳೆಯ ಫೋನುಗಳು ಅಗ್ಗವಲ್ಲವೇ? ಇನ್ನು ಕೆಲವರು, ಈಗ ಎಲ್ಲರಿಗೂ ಮಿತಿಯಿಲ್ಲದ ಕರೆಗಳಿವೆಯಲ್ಲಾ ಎನ್ನುವರು. ಆ ಮಿತಿಯಿಲ್ಲದ ಸುಖಕ್ಕೆ ೨೮ ದಿನಗಳ ಮಿತಿ ಇದೆ. ೨೦೨೪ರ ಜುಲೈಯಲ್ಲಿ ದೊಡ್ಡ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ದರ ಏರಿಸಿದವು. ಡೇಟಾ ಬೇಡದವರಿಗೆ ಮಾತು ಮತ್ತು ಸಂದೇಶಗಳ ಚೀಟಿಯನ್ನಾದರೂ ಪ್ರತ್ಯೇಕವಾಗಿ ಮಾರಬೇಕೆಂದು ಟ್ರಾಯ್ ಸಂಸ್ಥೆಯು ಅದೇ ವರುಷದ ಡಿಸೆಂಬರಿನಲ್ಲಿ ಕಟ್ಟಳೆ ಮಾಡಬೇಕಾಯಿತು. ಗಂಗಾವತಿಯ ಗದ್ದೆಯಲ್ಲಿ ನಾಟಿ ಹಚ್ಚುವ ತಾಯಿಗೆ, ಕುಷ್ಟಗಿಯ ಕಡೆ ಮಳೆ ನಂಬಿ ಜೋಳ ಬಿತ್ತುವ ತಂದೆಗೆ, ಒಂದು ತಿಂಗಳ ರೀಚಾರ್ಜು ಸಣ್ಣ ಮಾತಲ್ಲ. ಮಗಳಿಗೊಂದು, ತಮಗೊಂದು ಎಂದರೆ ಎರಡು.

ಹಾಗಾದರೂ ಈ ಏರ್ಪಾಡಿನಿಂದ ಆಗದ್ದನ್ನೂ ಹೇಳಬೇಕು. ಹನುಮಸಾಗರದಲ್ಲಿರುವ ತಾಯಿಯ ಸಂಗಡ ಇದರಲ್ಲಿ ಮಾತಾಡಲು ಬಾರದು. ಅದಕ್ಕೆ ಕಚೇರಿಯ ಫೋನು ಎಂದಿನಂತೆ ಇರಬೇಕು, ಮಕ್ಕಳಿಗೆ ಧಾರಾಳವಾಗಿ ಸಿಕ್ಕಲೂ ಬೇಕು. ಡಾಕ್ಟರನ್ನೋ ೧೧೨ನ್ನೋ ಕರೆಯಲು ಬಾರದು. ೨೦೨೪ರ ಆಗಸ್ಟ್ ೧೦ರ ರಾತ್ರಿ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹೊಳೆಯ ದಂಡೆಯವರಿಗೆ ಎಚ್ಚರಿಕೆ ಹೊರಗಿನಿಂದಲೇ ಬರಬೇಕಾಗಿತ್ತು. ಬಂದ ಎಚ್ಚರಿಕೆಯನ್ನು ಒಂದು ಆವರಣದ ಮೂಲೆಮೂಲೆಗೆ, ಒಂದು ಊರಿನ ಮನೆಮನೆಗೆ ದಾಟಿಸುವ ಕೆಲಸ ಮಾತ್ರ ಊರಿನ ಜಾಲದ್ದು. ಅಂಥ ರಾತ್ರಿಗಳಲ್ಲಿ ಸಾವಿರಾರು ಮಂದಿ ಒಂದೇ ಟವರನ್ನು ಕೂಗುತ್ತಿರುವಾಗ, ಊರೊಳಗಿನ ಕರೆಗಳಾದರೂ ಆ ಸಂದಣಿಯಲ್ಲಿ ನಿಲ್ಲದಂತಾಗುವದು.

ಗುಟ್ಟಿನ ವಿಷಯವಾಗಿ ತಾಯಿತಂದೆಗಳು ಚೆನ್ನಾಗಿ ವಿಚಾರಿಸಬೇಕು. ಆಸ್ಟರಿಸ್ಕಿನಂಥ ಮಧ್ಯದ ಯಂತ್ರವನ್ನು ಇಟ್ಟರೆ ಯಾರು ಯಾರನ್ನು ಎಷ್ಟು ಹೊತ್ತಿಗೆ ಕರೆದರೆಂಬ ಪಟ್ಟಿ ಅದರಲ್ಲಿ ಉಳಿಯುತ್ತದೆ. ಬೇಕೆಂದರೆ ಧ್ವನಿಯನ್ನೂ ಹಿಡಿದಿಡಬಹುದು. ಧ್ವನಿಯನ್ನು ಗೂಢಲಿಪಿಯಲ್ಲಿ ಕಳುಹಿಸದಿದ್ದರೆ, ಅದೇ ಜಾಲದಲ್ಲಿರುವ ಜಾಣೆಯೊಬ್ಬಳು ಕದ್ದು ಕೇಳುವದೂ ಅಸಾಧ್ಯವಲ್ಲ. ಮಕ್ಕಳ ಹಿತಕ್ಕಾಗಿ ಎಲ್ಲವನ್ನೂ ಕೇಳಿದರೆ ತಪ್ಪೇನು ಎಂದು ಕೆಲವು ಹಿರಿಯರು ಅನ್ನಬಹುದು. ನಾವು ಅದನ್ನು ಒಪ್ಪುವದಿಲ್ಲ. ಜ್ವರದ ಹುಡುಗಿ ಗೆಳತಿಯ ಸಂಗಡ ಅತ್ತು ಹೇಳಿದ್ದನ್ನು ಮರುದಿನ ಮೇಟ್ರನ್ ಕೋಣೆಯಲ್ಲಿ ತಿರುಗಿ ಕೇಳಿಸಿದರೆ ಆ ಹುಡುಗಿ ಇನ್ನೆಂದೂ ಫೋನು ಮುಟ್ಟಳು, ಸಹಾಯ ಬೇಕಾದ ರಾತ್ರಿಯಲ್ಲಿಯೂ ಮುಟ್ಟಳು. ಗೂಢಲಿಪಿಯುಳ್ಳ ತಂತ್ರಾಂಶವನ್ನೇ ಇಡಬೇಕು. ಧ್ವನಿಯನ್ನು ಎಂದಿಗೂ ಹಿಡಿದಿಡಬಾರದು. ಕರೆಗಳ ಪಟ್ಟಿ ಇದ್ದರೆ ವಾರಕ್ಕೊಮ್ಮೆ ಅಳಿಸಬೇಕು. ಇವೆಲ್ಲವನ್ನೂ ಬರೆದು ಗೋಡೆಗೆ ಅಂಟಿಸಬೇಕು.

ಇದನ್ನು ನಡಿಸತಕ್ಕವರು ಯಾರು? ಹೊರಗಿನಿಂದ ಒಬ್ಬ ತಜ್ಞನನ್ನು ಕರೆತಂದು ಹಾಕಿಸಿ, ಕೆಟ್ಟ ದಿನ ಅವನ ದಾರಿ ಕಾಯುವದು ನಮ್ಮ ಶಾಲೆಗಳ ಸಾಧಾರಣ ರೀತಿ. ಕಂಪ್ಯೂಟರಿನ ಕೋಣೆಗಳು ಬೀಗ ಹಾಕಿಸಿಕೊಂಡು ಕುಳಿತದ್ದು ಹೀಗೆಯೇ. ಟೆಲಿಫೋನಿನ ಆರಂಭದ ಇತಿಹಾಸವನ್ನು ನೋಡಿದರೆ, ೧೮೭೮ರ ಸೆಪ್ಟೆಂಬರಿನಲ್ಲಿ ಅಮೇರಿಕದ ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬ ಸ್ತ್ರೀಯು ಎಕ್ಸ್‌ಚೇಂಜಿನ ಕೆಲಸಕ್ಕೆ ಸೇರಿದಳು. ಅದಕ್ಕೆ ಮುಂಚೆ ಆ ಕೆಲಸದಲ್ಲಿದ್ದ ಹುಡುಗರ ಒರಟು ಮಾತಿಗೆ ಗಿರಾಕಿಗಳು ಬೇಸತ್ತಿದ್ದರಂತೆ. ಅಲ್ಲಿಂದ ಮುಂದೆ ಎಷ್ಟೋ ದೇಶಗಳಲ್ಲಿ ಅದು ಹೆಂಗಸರ ಉದ್ಯೋಗವಾಯಿತು. ಆದರೆ ತಂತಿಗಳನ್ನು ಕೂಡಿಸುವಷ್ಟನ್ನು ಅವರಿಗೆ ಬಿಟ್ಟು, ಯಂತ್ರದ ಒಳಗನ್ನು ಗಂಡಸರೇ ಇಟ್ಟುಕೊಂಡರು. ನಮ್ಮ ಒಂಬತ್ತನೆಯ ಇಯತ್ತೆಯ ಹುಡುಗಿಯರು ಒಳಗನ್ನೂ ಕಲಿಯಲಿ ಎಂಬದು ನಮ್ಮ ಆಶೆ. ರೌಟರಿಗೆ ಹೆಸರಿಡುವದು, ಗುಪ್ತಪದವನ್ನು ತಿಂಗಳಿಗೊಮ್ಮೆ ಬದಲಿಸುವದು, ಪ್ರತಿ ಫೋನಿಗೆ ಮಾರ್ಪಡದ ವಿಳಾಸ ಕೊಡುವದು, ಯಾವ ಮೂಲೆಯಲ್ಲಿ ಕೇಳಿಸುವದಿಲ್ಲವೆಂದು ನಡೆದು ನಕಾಶೆ ಬರೆಯುವದು: ಇವು ಕಸೂತಿಯ ಎಳೆ ಎಣಿಸಬಲ್ಲ ಕೈಗಳಿಗೆ ಕಠಿಣವಲ್ಲ. ಪಾಳಿಯಂತೆ ನಾಲ್ವರು ಒಂದು ವರುಷ ನಡಿಸಿ, ಮುಂದಿನ ನಾಲ್ವರಿಗೆ ಕಲಿಸಿ ಕೊಡಬೇಕು. ಆ ಹುಡುಗಿಯರು ಓದು ಮುಗಿಸಿ ತಮ್ಮ ಊರಿಗೆ ಹೋದಾಗ, ಕಿನ್ನಾಳದ ಗೊಂಬೆ ಮಾಡುವವರ ಓಣಿಯಲ್ಲಿಯೋ ಕಾರಟಗಿಯ ಅಕ್ಕಿ ಗಿರಣಿಯಲ್ಲಿಯೋ ಇಂಥದೇ ಒಂದು ಜಾಲವನ್ನು ನಿಲ್ಲಿಸಬಲ್ಲರು.

ಆರಂಭಕ್ಕೆ ನಾಲ್ಕು ಫೋನುಗಳು ಸಾಕು: ಅಡಿಗೆಮನೆ, ರೋಗಿಗಳ ಕೋಣೆ, ಮೇಟ್ರನ್ ಅಕ್ಕನವರ ಕೋಣೆ, ಹೆಬ್ಬಾಗಿಲು. ರಾತ್ರಿಯೆಲ್ಲಾ ಅವು ಚಾರ್ಜಿನಲ್ಲಿಯೇ ಇರುವಂತೆ ಗೋಡೆಗೆ ಒಂದೊಂದು ಗೂಡು ಮಾಡಿಸಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕೆಲಸ ಬಲ್ಲವರು ಬೇಸಿಗೆಯ ರಜೆಯಲ್ಲಿ ಎರಡು ದಿನ ಬಂದು ಕಲಿಸಿದರೆ, ಶಾಲೆ ತೆರೆಯುವದರೊಳಗೆ ಗಂಟೆ ಬಾರಿಸುವದು. ಮನೆಯಲ್ಲಿ ಬಳಸದೆ ಇಟ್ಟ ಫೋನುಗಳನ್ನು ಕೊಡಬಯಸುವವರು ದಯಮಾಡಿ ಅದರ ಚಾರ್ಜರನ್ನೂ ಕೂಡಿಸಿ ಕೊಡಬೇಕು, ತಮ್ಮ ಚಿತ್ರ, ಕಾಗದಗಳನ್ನೆಲ್ಲಾ ಅಳಿಸಿ ಕೊಡಬೇಕು. ಬ್ಯಾಟರಿ ಉಬ್ಬಿದವುಗಳನ್ನು ಮಾತ್ರ ಯಾರೂ ತರಬಾರದು, ಅವು ಹೊತ್ತಿಕೊಳ್ಳುವದುಂಟು.